ಪಂಪಿನ ಕೊಳವೆಗೆ ಗೇಟು ವಾಲ್ವು: ಅದರ ಆಯ್ಕೆಯೂ ಪಾಲನೆಯೂ

ಕೆರೆಗೆ ತೂಬು ಹೇಗೋ ಪಂಪಿನ ಕೊಳವೆಗೆ ಗೇಟು ವಾಲ್ವು ಹಾಗೆ. ತೂಬು ಕೆಟ್ಟರೆ ಕೆರೆಯಲ್ಲಿ ನೀರಿದ್ದರೂ ಗದ್ದೆ ಒಣಗುವುದು. ವಾಲ್ವು ಕೆಟ್ಟರೆ ಬಾವಿಯಲ್ಲಿ ನೀರಿದ್ದರೂ ಪೈರಿಗೆ ದಕ್ಕದು. ಪಂಪು ಮೋಟಾರುಗಳನ್ನು ಹತ್ತು ಕಡೆ ವಿಚಾರಿಸಿ ಕೊಳ್ಳುವ ರೈತರು ಸಹ ವಾಲ್ವನ್ನು ಅಂಗಡಿಯಲ್ಲಿ ಸಿಕ್ಕಿದಂತೆ ತರುವುದುಂಟು. ಆದಕಾರಣ ಈ ವಿಷಯವನ್ನು ಇಲ್ಲಿ ಸಂಗ್ರಹವಾಗಿ ವಿವರಿಸಿದೆ.

1. ರಚನೆ ಮತ್ತು ಉಪಯೋಗ

ಗೇಟು ವಾಲ್ವಿನೊಳಗೆ ಬೆಣೆಯಾಕಾರದ ಒಂದು ಬಾಗಿಲಿರುತ್ತದೆ. ಕೈಚಕ್ರವನ್ನು ತಿರುಗಿಸಿದಾಗ ಮರೆಯುಳ್ಳ ದಂಡವು ಈ ಬಾಗಿಲನ್ನು ಮೇಲಕ್ಕೆತ್ತುವುದು, ಇಲ್ಲವೆ ಕೆಳಕ್ಕಿಳಿಸಿ ಎರಡು ಪೀಠಗಳ ನಡುವೆ ಬಿಗಿಯಾಗಿ ಕೂರಿಸುವುದು. ಪೂರ್ತಿ ತೆರೆದಾಗ ನೀರಿನ ದಾರಿಗೆ ಅಡ್ಡಿಯೇ ಇರುವುದಿಲ್ಲವಾದ್ದರಿಂದ ಪಂಪಿನ ಶಕ್ತಿ ವ್ಯರ್ಥವಾಗದು.

ಈ ವಾಲ್ವು ಪೂರ್ತಿ ತೆರೆಯುವುದಕ್ಕೂ ಪೂರ್ತಿ ಮುಚ್ಚುವುದಕ್ಕೂ ಮಾತ್ರ ಏರ್ಪಟ್ಟುದು. ನೀರನ್ನು ಹೆಚ್ಚು ಕಡಮೆ ಮಾಡಲು ಇದನ್ನು ಅರ್ಧ ತೆರೆದು ಬಿಡಲಾಗದು. ಹಾಗೆ ಬಿಟ್ಟರೆ ನೀರು ಬಾಗಿಲಿನ ಅಂಚಿನಡಿಯಲ್ಲಿ ರಭಸದಿಂದ ನುಗ್ಗಿ, ಬಾಗಿಲು ಅದಿರಿ, ಅಂಚೂ ಪೀಠವೂ ಸವೆಯುವುವು. ಬಳಿಕ ಎಷ್ಟು ಬಿಗಿದರೂ ನೀರು ನಿಲ್ಲುವುದಿಲ್ಲ. ನೀರನ್ನು ಅಳತೆಯಲ್ಲಿ ಬಿಡಬೇಕಾದೆಡೆ ಗ್ಲೋಬು ವಾಲ್ವನ್ನು ಹಾಕತಕ್ಕದ್ದು.

2. ಆರಿಸುವ ಕ್ರಮ

(ಅ) ವಾಲ್ವಿನ ಅಳತೆ ಕೊಳವೆಯ ಅಳತೆಗೆ ಸಮನಾಗಿರಬೇಕು.

(ಆ) ನೀರನ್ನು ಎಷ್ಟು ಎತ್ತರಕ್ಕೆ ಏರಿಸಬೇಕೆಂಬುದನ್ನು ಲೆಕ್ಕಹಾಕಿ, ಅದಕ್ಕಿಂತ ಹೆಚ್ಚಿನ ಒತ್ತಡವನ್ನು ತಾಳುವ ವಾಲ್ವನ್ನು ಕೊಳ್ಳಬೇಕು. ಪಿ.ಎನ್. 1.0 ಎಂಬ ಗುರುತುಳ್ಳ ಎರಕದ ಕಬ್ಬಿಣದ ವಾಲ್ವು ಸುಮಾರು 100 ಮೀಟರು ಎತ್ತರದ ನೀರಿನ ಒತ್ತಡಕ್ಕೆ ತಕ್ಕದ್ದು.

(ಇ) ಸಣ್ಣ ಕೊಳವೆಗಳಿಗೆ ಐ.ಎಸ್. 778ರ ಗುರುತುಳ್ಳ ಕಂಚಿನ ವಾಲ್ವೂ, ದೊಡ್ಡ ಕೊಳವೆಗಳಿಗೆ ಐ.ಎಸ್. 14846ರ ಎರಕದ ಕಬ್ಬಿಣದ ವಾಲ್ವೂ ಒಪ್ಪುವುವು.

(ಈ) ಕೊಳವೆಬಾವಿಯ ನೀರಿನಲ್ಲಿ ಮರಳು ಬರುತ್ತಿದ್ದರೆ, ರಬ್ಬರು ಹೊದಿಸಿದ ಬಾಗಿಲೂ ನುಣುಪಾದ ತಳವೂ ಉಳ್ಳ ವಾಲ್ವು ಉತ್ತಮ. ಸಾಮಾನ್ಯ ವಾಲ್ವಿನ ತಳದ ಗುಳಿಯಲ್ಲಿ ಮರಳು ನಿಂತು ಬಾಗಿಲು ಪೂರ್ತಿ ಕೂರದು.

3. ತೆರೆದು ಮುಚ್ಚುವ ಕ್ರಮ

ಓಡುವ ನೀರನ್ನು ತಟ್ಟನೆ ತಡೆದರೆ ಅದು ಕೊಳವೆಗೆ ಸುತ್ತಿಗೆಯಂತೆ ಬಡಿಯುವುದು. ಝುಕೋವ್ಸ್ಕಿ ಎಂಬ ರಷ್ಯದ ವಿದ್ವಾಂಸರು 1897–98ರಲ್ಲಿ ಮಾಸ್ಕೋ ನಗರದ ನೀರಿನ ಕೊಳವೆಗಳಲ್ಲಿ ಇದನ್ನು ಪರೀಕ್ಷಿಸಿ ಲೆಕ್ಕವನ್ನು ಸ್ಥಿರಪಡಿಸಿದರು. ಸೆಕೆಂಡಿಗೆ 1 ಮೀಟರು ವೇಗದ ನೀರನ್ನು ಕಬ್ಬಿಣದ ಕೊಳವೆಯಲ್ಲಿ ಥಟ್ಟನೆ ನಿಲ್ಲಿಸಿದರೆ, ಮೊದಲಿದ್ದ ಒತ್ತಡದ ಮೇಲೆ ಸುಮಾರು 100 ಮೀಟರು ಎತ್ತರದ ನೀರಿನಷ್ಟು ಒತ್ತಡ ಕೂಡುವುದು. ಪಿ.ವಿ.ಸಿ. ಕೊಳವೆಯಲ್ಲಿ ಈ ಬಡಿತ ಕಡಮೆ. ಆದರೆ ಆ ಕೊಳವೆಯ ಬಲವೂ ಕಡಮೆ. ಆದ್ದರಿಂದ ಚಕ್ರವನ್ನು ನಿಧಾನವಾಗಿ ತಿರುಗಿಸಬೇಕು; ಕೊನೆಯ ಸುತ್ತುಗಳಲ್ಲಿ ಇನ್ನೂ ನಿಧಾನ ಬೇಕು.

ತೆರೆದ ಬಾವಿಯ ಸೆಂಟ್ರಿಫ್ಯೂಗಲ್ ಪಂಪಿಗೆ ನೀರು ತುಂಬಿ, ವಾಲ್ವನ್ನು ಮುಚ್ಚಿ ಮೋಟಾರು ಹಾಕಿದರೆ ಮೋಟಾರಿನ ಮೇಲೆ ಹೊರೆ ಕಡಮೆ. ವೇಗ ಬಂದೊಡನೆ ವಾಲ್ವನ್ನು ಮೆಲ್ಲನೆ ತೆರೆಯಬೇಕು. ಮುಚ್ಚಿಯೇ ಬಹಳ ಹೊತ್ತು ಓಡಿಸಿದರೆ ಒಳಗಿನ ನೀರು ಕಾದು ಪಂಪು ಕೆಡುವುದು. ನಿಲ್ಲಿಸುವಾಗ ಮೊದಲು ವಾಲ್ವನ್ನು ಮುಚ್ಚಿ ಕೂಡಲೆ ಮೋಟಾರನ್ನು ಆರಿಸತಕ್ಕದ್ದು. ನೀರಿನೊಳಗೆ ಮುಳುಗಿರುವ ಪಂಪುಗಳಿಗೆ ತಯಾರಕರ ಸೂಚನೆಯೇ ಪ್ರಮಾಣ.

4. ಪಾಲನೆ

ತಿಂಗಳಿಗೊಮ್ಮೆಯಾದರೂ ವಾಲ್ವನ್ನು ಪೂರ್ತಿ ಮುಚ್ಚಿ ತೆರೆಯಬೇಕು. ವರ್ಷಗಟ್ಟಲೆ ಅಲುಗದ ವಾಲ್ವು ತುಕ್ಕು ಹಿಡಿದು, ಕೊಳವೆ ಒಡೆದ ದಿನ ಕೈಕೊಡುವುದು. ಪೂರ್ತಿ ತೆರೆದ ಮೇಲೆ ಚಕ್ರವನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಬಿಟ್ಟರೆ ದಂಡವು ಕಚ್ಚಿಕೊಳ್ಳದು.

ದಂಡದ ಬುಡದಲ್ಲಿ ನೀರು ಜಿನುಗಿದರೆ ಗ್ಲಾಂಡಿನ ಎರಡು ನಟ್ಟುಗಳನ್ನೂ ಸಮನಾಗಿ, ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಒಂದೇ ಕಡೆ ಬಿಗಿದರೆ ಗ್ಲಾಂಡು ಓರೆಯಾಗುವುದು. ಅದರಿಂದಲೂ ನಿಲ್ಲದಿದ್ದರೆ, ಪಂಪನ್ನು ನಿಲ್ಲಿಸಿ ಕೊಳವೆಯ ಒತ್ತಡವನ್ನು ಇಳಿಸಿದ ಮೇಲೆಯೇ ಹಳೆಯ ಪ್ಯಾಕಿಂಗನ್ನು ತೆಗೆದು ಹೊಸದನ್ನು ಸುತ್ತಬೇಕು. ಚಕ್ರ ತಿರುಗದಾಗ ಹಾರೆ ಹಾಕಿ ಮೀಟಲಾಗದು; ದಂಡ ಬಾಗಿದರೆ ವಾಲ್ವು ಕೆಲಸಕ್ಕೆ ಬಾರದು. ಮುಚ್ಚುವಾಗ ಕೆಳಗೆ ಮರಳು ಸಿಕ್ಕಿದಂತೆ ತೋರಿದರೆ ಸ್ವಲ್ಪ ತೆರೆದು, ನೀರಿನ ರಭಸದಿಂದ ಮರಳನ್ನು ಕೊಚ್ಚಿಸಿ, ಮತ್ತೆ ಮುಚ್ಚಬೇಕು.

5. ಗ್ರಾಮದ ಮುಖಂಡರಿಗೆ

ಊರಿನ ನೀರಿನ ತೊಟ್ಟಿಯ ವಾಲ್ವು ಎಲ್ಲರದೂ ಆಗಿರುವುದರಿಂದ ಯಾರದೂ ಆಗದೆ ಹೋಗುವ ಸಂಭವವುಂಟು. ಅದಕ್ಕೆ ಇಟ್ಟಿಗೆಯ ಗುಂಡಿ ಕಟ್ಟಿ, ಮುಚ್ಚಳ ಬೀಗಗಳನ್ನು ಹಾಕಿ, ಒಬ್ಬನನ್ನೇ ಹೊಣೆಗಾರನನ್ನಾಗಿ ಮಾಡತಕ್ಕದ್ದು. ಪೂರ್ತಿ ಮುಚ್ಚಲು ಎಷ್ಟು ಸುತ್ತು ಬೇಕೆಂಬುದನ್ನು ಎಣಿಸಿ ಮುಚ್ಚಳದ ಒಳಗೆ ಬರೆದಿಟ್ಟರೆ, ಬಾಗಿಲು ತಳ ಮುಟ್ಟಿತೋ ಇಲ್ಲವೋ ಎಂಬುದನ್ನು ಯಾರಾದರೂ ತಿಳಿಯಬಹುದು.

ನಿಮಿಷಕ್ಕೆ 1 ಲೀಟರು ಸೋರಿದರೆ ದಿನಕ್ಕೆ 1,440 ಲೀಟರು, 30 ದಿನಕ್ಕೆ 43,200 ಲೀಟರು ನೀರು ಹೋಗುವುದು. ಒಂದು ಎಕರೆ ನೆಲದ ಮೇಲೆ 1 ಸೆಂಟಿಮೀಟರು ನೀರು ನಿಲ್ಲಿಸಲು ಇಷ್ಟೂ ಬೇಡ. ಬೇಸಗೆಯಲ್ಲಿ ಒಂದು ಮಡಿಯ ತರಕಾರಿಯನ್ನು ಉಳಿಸುವ ನೀರು ಹೀಗೆ ಚರಂಡಿಯ ಪಾಲಾಗದಂತೆ ನೋಡಿಕೊಳ್ಳುವುದು ಪ್ರತಿಯೊಬ್ಬ ರೈತನ ಕರ್ತವ್ಯವಾಗಿದೆ.