ಗೆದ್ದವರನ್ನು ಗೆದ್ದವರು: ಯೂಕ್ಲಿಡನ ಸ್ವಯಂಸಿದ್ಧ ಮತ್ತು 1943ರ ನೌಕಾ ಫುಟ್‌ಬಾಲ್ ಋತು

ಪಾಠದ ಹಿನ್ನೆಲೆ

ಬೋಧನಾಭ್ಯಾಸದ ಎರಡನೇ ಹಂತದಲ್ಲಿ ನನಗೆ ಒಂಬತ್ತನೇ ತರಗತಿಯ ಗಣಿತ ಸಿಕ್ಕಿತ್ತು. ಘಟಕ: ಯೂಕ್ಲಿಡನ ರೇಖಾಗಣಿತದ ಪ್ರಸ್ತಾವನೆ. ಮೊದಲ ಸ್ವಯಂಸಿದ್ಧ ಎಲ್ಲರಿಗೂ ಗೊತ್ತಿರುವುದೇ. ಎರಡು ವಸ್ತುಗಳು ಮೂರನೆಯದೊಂದಕ್ಕೆ ಸಮವಾಗಿದ್ದರೆ ಅವೆರಡೂ ಪರಸ್ಪರ ಸಮ. ಹಲಗೆಯ ಮೇಲೆ ಬರೆದೆ, ಮಕ್ಕಳು ಬರೆದುಕೊಂಡರು. "ಇಷ್ಟು ಸುಲಭವಾದದ್ದನ್ನು ಯೂಕ್ಲಿಡ್ ಯಾಕೆ ಬರೆದಿಟ್ಟ?" ಎಂದು ಕೇಳಿದೆ. "ಪರೀಕ್ಷೆಗೆ ಬರುತ್ತೆ ಮಿಸ್" ಎಂಬ ಉತ್ತರ ಬಂತು.

ಅಂದು ಸಂಜೆ ಮಾರ್ಗದರ್ಶಕ ಶಿಕ್ಷಕರು ಒಂದು ಮಾತು ಹೇಳಿದರು: "ಒಂದು ನಿಯಮದ ಬೆಲೆ ಗೊತ್ತಾಗಬೇಕಾದರೆ ಅದು ನಡೆಯದ ಜಾಗವನ್ನು ತೋರಿಸಬೇಕಮ್ಮ." 'ಸಮ' ಎಂಬ ಸಂಬಂಧದಲ್ಲಿ ಸರಪಳಿ ತುಂಡಾಗುವುದಿಲ್ಲ. 'ದೊಡ್ಡದು' ಎಂಬುದರಲ್ಲೂ ತುಂಡಾಗುವುದಿಲ್ಲ: ಎ ಬಿಗಿಂತ ದೊಡ್ಡದು, ಬಿ ಸಿಗಿಂತ ದೊಡ್ಡದು ಎಂದರೆ ಎ ಸಿಗಿಂತ ದೊಡ್ಡದು. 'ಗೆದ್ದಿತು' ಎಂಬ ಸಂಬಂಧದಲ್ಲಿ ಹೇಗೆ? ಕ್ರಿಕೆಟ್ ತೆಗೆದುಕೊಳ್ಳಬಹುದಿತ್ತು. ಆದರೆ ಐಪಿಎಲ್ ಹೆಸರೆತ್ತಿದರೆ ಆರ್‌ಸಿಬಿ ಗಲಾಟೆಯಲ್ಲಿ ಅವಧಿಯೇ ಮುಗಿದುಹೋಗುತ್ತದೆ. ತರಗತಿಯಲ್ಲಿ ಯಾರಿಗೂ ಯಾವ ಪಕ್ಷವೂ ಇಲ್ಲದ ಒಂದು ಋತು ಬೇಕಿತ್ತು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ ನಡೆದ ಅಮೆರಿಕನ್ ಫುಟ್‌ಬಾಲ್ ಋತು.

ಋತುವಿನ ಪರಿಚಯ

ಆ ವರ್ಷ ಅಮೆರಿಕದ ಕಾಲೇಜುಗಳಲ್ಲಿ ಆಡುವ ವಯಸ್ಸಿನ ಯುವಕರೆಲ್ಲ ಸೇನೆ ಸೇರುತ್ತಿದ್ದರು. ಅಲಬಾಮಾ, ಸ್ಟ್ಯಾನ್‌ಫರ್ಡ್‌ನಂಥ ವಿಶ್ವವಿದ್ಯಾಲಯಗಳು ಫುಟ್‌ಬಾಲನ್ನೇ ನಿಲ್ಲಿಸಿದ್ದವು. ಇನ್ನೊಂದು ಕಡೆ ಸೇನಾ ತರಬೇತಿ ಕೇಂದ್ರಗಳಲ್ಲಿ ಒಳ್ಳೆಯ ಆಟಗಾರರು ತುಂಬಿದ್ದರು. ಈ ಕೇಂದ್ರಗಳ ತಂಡಗಳು ವಿಶ್ವವಿದ್ಯಾಲಯಗಳ ವಿರುದ್ಧವೇ ಪಂದ್ಯ ಆಡಿದವು.

ನಮ್ಮ ಪಾಠಕ್ಕೆ ಬೇಕಾದ ಕೇಂದ್ರಗಳು ಎರಡು. ಒಂದು, ಅಯೋವಾ ವಿಶ್ವವಿದ್ಯಾಲಯದ ಆವರಣದಲ್ಲಿ ನೌಕಾಪಡೆ 1942ರಲ್ಲಿ ತೆರೆದ ಪ್ರೀ-ಫ್ಲೈಟ್ ಶಾಲೆ. ಪೈಲಟ್ ಆಗಲಿರುವವರು ವಿಮಾನ ಹತ್ತುವ ಮುಂಚೆ ಇಲ್ಲಿ ದೇಹ ಗಟ್ಟಿ ಮಾಡಿಕೊಂಡು, ಪಾಠ ಕಲಿತು ಮುಂದೆ ಹೋಗುತ್ತಿದ್ದರು. ಫುಟ್‌ಬಾಲ್ ಆ ತರಬೇತಿಯ ಒಂದು ಭಾಗ. ತಂಡದ ಹೆಸರು ಸೀಹಾಕ್ಸ್. ಎರಡು, ಶಿಕಾಗೋದ ಉತ್ತರಕ್ಕೆ ಮಿಷಿಗನ್ ಸರೋವರದ ದಡದಲ್ಲಿರುವ ಗ್ರೇಟ್ ಲೇಕ್ಸ್ ನೌಕಾ ತರಬೇತಿ ಕೇಂದ್ರ.

ಎಲ್ಲ ತಂಡಗಳೂ ಎಲ್ಲರೊಂದಿಗೆ ಆಡುವ ಪದ್ಧತಿ ಅಲ್ಲಿರಲಿಲ್ಲ. ಒಂದೊಂದು ತಂಡ ಹತ್ತರ ಆಸುಪಾಸು ಪಂದ್ಯ ಆಡುತ್ತಿತ್ತು. ಯಾರು ಮೊದಲು ಎಂಬುದನ್ನು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಕ್ರೀಡಾ ವರದಿಗಾರರ ಮತ ಪಡೆದು ಪ್ರಕಟಿಸುತ್ತಿತ್ತು.

ತರಗತಿಯಲ್ಲಿ ನಡೆದದ್ದು

ಮೊದಲ ತಪ್ಪು ನನ್ನದೇ. ಆಟದ ನಿಯಮಗಳನ್ನು ವಿವರಿಸಲು ಯೋಜನೆಯಲ್ಲಿ ಐದು ನಿಮಿಷ ಬರೆದಿದ್ದೆ, ಹನ್ನೆರಡು ನಿಮಿಷ ಹಿಡಿಯಿತು. ಬೇಕಾದದ್ದು ಇಷ್ಟೇ ಆಗಿತ್ತು: ಚೆಂಡನ್ನು ಎದುರಾಳಿಯ ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ, ಅದಾದ ಮೇಲೆ ಕಂಬಗಳ ನಡುವೆ ಒದ್ದರೆ ಇನ್ನೊಂದು ಅಂಕ.

ಬಳಿಕ ನಾಲ್ಕು ಫಲಿತಾಂಶ ಬರೆದೆ.

ನೋಟರ್ ಡೇಮ್ 14, ಅಯೋವಾ ಪ್ರೀ-ಫ್ಲೈಟ್ 13
ನೋಟರ್ ಡೇಮ್ 25, ನಾರ್ತ್‌ವೆಸ್ಟರ್ನ್ 6
ಗ್ರೇಟ್ ಲೇಕ್ಸ್ 19, ನೋಟರ್ ಡೇಮ್ 14
ನಾರ್ತ್‌ವೆಸ್ಟರ್ನ್ 13, ಗ್ರೇಟ್ ಲೇಕ್ಸ್ 0

ಮೊದಲ ಸಾಲಿನಲ್ಲಿ ಒಬ್ಬ ಹುಡುಗ ಕೈ ಎತ್ತಿದ: "ಇಬ್ಬರದೂ ಎರಡೆರಡು ಟಚ್‌ಡೌನ್. ಒಂದು ಕಿಕ್ ತಪ್ಪಿದ್ದಕ್ಕೆ ಸೋತರಾ?" ಹೌದು. ಅಯೋವಾ ಪ್ರೀ-ಫ್ಲೈಟ್ ಆ ಋತುವಿನ ಹತ್ತು ಪಂದ್ಯಗಳಲ್ಲಿ ಒಂಬತ್ತು ಗೆದ್ದಿತು. ಸೋತದ್ದು ನವೆಂಬರ್ 20ರ ಈ ಪಂದ್ಯವೊಂದನ್ನೇ.

"ಗೆದ್ದವರಿಂದ ಸೋತವರ ಕಡೆಗೆ ಬಾಣ ಎಳೆಯಿರಿ" ಎಂದೆ. ಬಾಣಗಳು ನೋಟರ್ ಡೇಮ್‌ನಿಂದ ನಾರ್ತ್‌ವೆಸ್ಟರ್ನ್‌ಗೆ, ಅಲ್ಲಿಂದ ಗ್ರೇಟ್ ಲೇಕ್ಸ್‌ಗೆ, ಅಲ್ಲಿಂದ ಮತ್ತೆ ನೋಟರ್ ಡೇಮ್‌ಗೆ ಬಂದವು. "ಮಿಸ್, ಇದು ಸುತ್ತು ಹೊಡೀತಿದೆ!" ನಾನು ಕಾಯುತ್ತಿದ್ದ ಮಾತು ಅದೇ. 'ದೊಡ್ಡದು' ಎಂಬ ಸಂಬಂಧದಲ್ಲಿ ಇಂಥ ಸುತ್ತು ಬರಲು ಸಾಧ್ಯವೇ ಎಂದು ಕೇಳಿದೆ. 7, 5, 3 ಇಟ್ಟುಕೊಂಡು ಪ್ರಯತ್ನಿಸಿ ತಾವೇ ಬಿಟ್ಟರು. ಎಲ್ಲ ಸಂಬಂಧಗಳಲ್ಲೂ ಸರಪಳಿ ಮುಂದುವರಿಯುವುದಿಲ್ಲ, ಆದ್ದರಿಂದ ಮುಂದುವರಿಯುವ ಕಡೆ ಅದನ್ನು ಹೇಳಿಯೇ ಮುಂದೆ ಹೋಗಬೇಕು ಎಂಬುದನ್ನು ಅವರ ಮಾತಿನಲ್ಲೇ ಹಲಗೆಗೆ ಬರೆದೆ.

ಮುಂದಿನ ಚಟುವಟಿಕೆಯಲ್ಲಿ ಇನ್ನೂ ಎರಡು ಸಂಗತಿ ಕೊಟ್ಟೆ. ಪರ್ಡ್ಯೂ ತಂಡ ಒಂಬತ್ತಕ್ಕೆ ಒಂಬತ್ತೂ ಗೆದ್ದಿತ್ತು, ಗ್ರೇಟ್ ಲೇಕ್ಸನ್ನು 23–13ರಿಂದ ಸೋಲಿಸಿತ್ತು. ಗ್ರೇಟ್ ಲೇಕ್ಸ್ ಹನ್ನೆರಡರಲ್ಲಿ ಹತ್ತು ಗೆದ್ದಿತ್ತು. ಗುಂಪುಗಳು ತಮ್ಮ ಪಟ್ಟಿ ಮಾಡಿದವು. ಬಹುತೇಕ ಎಲ್ಲರ ಪಟ್ಟಿಯಲ್ಲೂ ಪರ್ಡ್ಯೂ ಮೊದಲು. ಆಮೇಲೆ ವರದಿಗಾರರ ಕೊನೆಯ ಪಟ್ಟಿ ತೋರಿಸಿದೆ: ನೋಟರ್ ಡೇಮ್ 1, ಅಯೋವಾ ಪ್ರೀ-ಫ್ಲೈಟ್ 2, ಮಿಷಿಗನ್ 3, ನೌಕಾ ಅಕಾಡೆಮಿ 4, ಪರ್ಡ್ಯೂ 5, ಗ್ರೇಟ್ ಲೇಕ್ಸ್ 6. "ಸೋಲದವರು ಐದನೇ ಸ್ಥಾನಾನಾ? ಅನ್ಯಾಯ" ಎಂದು ಗದ್ದಲವೆದ್ದಿತು. ನೋಟರ್ ಡೇಮ್ ತನ್ನ ಕೆಳಗಿನ ಮೂವರನ್ನೂ, ಅಂದರೆ ಎರಡು, ಮೂರು, ನಾಲ್ಕನೇ ಸ್ಥಾನದವರನ್ನು, ಸೋಲಿಸಿತ್ತು ಎಂದು ತಿಳಿಸಿದಾಗ ಗದ್ದಲ ಚರ್ಚೆಯಾಯಿತು. ಯಾವ ಅಳತೆ ಹಿಡಿಯುತ್ತೇವೋ ಅದರಂತೆ ಪಟ್ಟಿ ಬದಲಾಗುತ್ತದೆ ಎಂಬುದು ಅವರಿಗೇ ಹೊಳೆಯಿತು.

ಯೋಜನೆಯಲ್ಲಿಲ್ಲದ ಪ್ರಶ್ನೆ

ಇಲ್ಲಿಗೆ ಪಾಠ ಮುಗಿಯಬೇಕಿತ್ತು. ಸಾಮಾನ್ಯವಾಗಿ ಬಾಯಿ ಬಿಡದ ಒಬ್ಬ ಹುಡುಗಿ ಕೇಳಿದಳು: "ಮಿಸ್, ಆಡುವವರು ಯುದ್ಧಕ್ಕೆ ಹೋಗ್ತಾ ಇದ್ರು ಅಂದ್ರಲ್ಲ. ಹಾಗಾದರೆ ಅಕ್ಟೋಬರ್‌ನ ತಂಡ, ನವೆಂಬರ್‌ನ ತಂಡ ಒಂದೇನಾ?"

ನಾನು ಒಂದು ಕ್ಷಣ ಸುಮ್ಮನಾದೆ. ನಾರ್ತ್‌ವೆಸ್ಟರ್ನ್‌ಗೆ ಗ್ರೇಟ್ ಲೇಕ್ಸ್ ಸೋತದ್ದು ಅಕ್ಟೋಬರ್‌ನಲ್ಲಿ. ನೋಟರ್ ಡೇಮನ್ನು ಗೆದ್ದದ್ದು ನವೆಂಬರ್ 27ರಂದು. ತರಬೇತಿ ಕೇಂದ್ರದ ತಂಡ ಎಂದರೆ ಆದೇಶ ಬಂದಂತೆ ಆಟಗಾರರು ಹೊರಟುಹೋಗುವ ತಂಡ. ವಿಶ್ವವಿದ್ಯಾಲಯಗಳ ಕಥೆಯೂ ಅದೇ. ನೋಟರ್ ಡೇಮ್‌ನಲ್ಲಿ ದಾಳಿಯನ್ನು ನಡೆಸುತ್ತಿದ್ದ ಏಂಜೆಲೋ ಬರ್ಟೆಲಿ ಆರು ಪಂದ್ಯ ಆಡಿ ಮರೀನ್ ಪಡೆಯ ತರಬೇತಿಗೆ ಹೋದ. ಅವನ ಜಾಗಕ್ಕೆ ಜಾನಿ ಲೂಜ್ಯಾಕ್ ಬಂದ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಆ ಆರೇ ಪಂದ್ಯಗಳ ಬಲದ ಮೇಲೆ ಬರ್ಟೆಲಿಗೆ ಸಿಕ್ಕಿತು.

ಅಂದರೆ ನಾನು ಹಲಗೆಯ ಮೇಲೆ ಒಂದೇ ಹೆಸರನ್ನು ಎರಡು ಸಾಲಿನಲ್ಲಿ ಬರೆದು, ಎರಡೂ ಒಂದೇ ವಸ್ತು ಎಂದುಕೊಂಡಿದ್ದೆ. ಯೂಕ್ಲಿಡನ ಸರಪಳಿ ನಡೆಯಬೇಕಾದರೆ ನಡುವಿನ ವಸ್ತು ಎರಡೂ ಕಡೆ ಅದೇ ಆಗಿರಬೇಕು. ನನ್ನ ಪಾಠ ಯೋಜನೆಯಲ್ಲಿ ಆ ಷರತ್ತು ಇರಲಿಲ್ಲ. ಅದನ್ನು ಸೇರಿಸಿದ್ದು ಆ ಹುಡುಗಿ. ಆಟಗಾರರು ಬದಲಾಗದಿದ್ದರೂ ಸುತ್ತು ಬರಬಹುದು, ಅದು ಬೇರೆ ಮಾತು. ಆದರೆ ಅವಳ ಪ್ರಶ್ನೆ ನನ್ನ ಉದಾಹರಣೆಗಿಂತ ಆಳವಾಗಿತ್ತು.

ಅವಳು ಕುಳಿತಿದ್ದದ್ದು ನಾಲ್ಕನೇ ಗುಂಪಿನಲ್ಲಿ. ಆ ಗುಂಪುಗಳನ್ನು ಮಾಡಿದ್ದು ನಾನೇ, ಜುಲೈ ತಿಂಗಳ ಒಂದು ಕಿರುಪರೀಕ್ಷೆಯ ಅಂಕಗಳ ಕ್ರಮದಲ್ಲಿ. ನಾಲ್ಕನೇ ಗುಂಪಿಗೆ ನಾನು ಸುಲಭದ ಪ್ರಶ್ನೆಗಳನ್ನೇ ಕೊಡುತ್ತಿದ್ದೆ. ಒಂದು ದಿನದ ಅಂಕವನ್ನು ಅವಳ ಹೆಸರಿಗೆ ಸಮ ಎಂದು ಬರೆದುಕೊಂಡಿದ್ದೆ. ಮರುದಿನ ಗುಂಪುಗಳನ್ನು ಬೆರೆಸಿದೆ. ಯಾರಿಗೂ ಕಾರಣ ಹೇಳಲಿಲ್ಲ. ಹೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಅವಲೋಕನ

ವೀಕ್ಷಣಾ ಟಿಪ್ಪಣಿಯಲ್ಲಿ ಮಾರ್ಗದರ್ಶಕರು ಮೂರು ಅಂಶ ಬರೆದರು: ಪರಿಚಯ ದೀರ್ಘವಾಯಿತು, ಬಾಣದ ಚಿತ್ರ ಚೆನ್ನಾಗಿ ಕೆಲಸ ಮಾಡಿತು, ಕೊನೆಯ ಪ್ರಶ್ನೆಗೆ ತಕ್ಷಣ ಉತ್ತರಿಸದೆ ನಿಂತದ್ದು ಒಳ್ಳೆಯದಾಯಿತು.

ಈ ಪಾಠ ಮಾಡಲು ಬಯಸುವ ಪ್ರಶಿಕ್ಷಣಾರ್ಥಿ ಮಿತ್ರರಿಗೆ ನನ್ನ ಸಲಹೆ: ಅಂಕಗಳಿಕೆಯ ಎರಡು ಸಾಲಿನ ವಿವರಣೆ ಸಾಕು. ನಾಲ್ಕು ಫಲಿತಾಂಶ ಮೊದಲು, ವರದಿಗಾರರ ಪಟ್ಟಿ ಕೊನೆಗೆ. ಪ್ರತಿ ಫಲಿತಾಂಶದ ಪಕ್ಕದಲ್ಲಿ ತಿಂಗಳನ್ನು ತಪ್ಪದೆ ಬರೆಯಿರಿ. ನಾನು ಬರೆದಿರಲಿಲ್ಲ.

"ಆ ಎರಡನೇ ಸ್ಥಾನದಿಂದ ಅಯೋವಾದವರಿಗೆ ಏನು ಉಳಿಯಿತು?" ಎಂದು ಸಹಪಾಠಿಯೊಬ್ಬರು ಸಿಬ್ಬಂದಿ ಕೊಠಡಿಯಲ್ಲಿ ಕೇಳಿದರು. ಉಳಿದದ್ದು ಸ್ಥಾನವಲ್ಲ. ಆ ವರ್ಷದ ತರಬೇತುದಾರ ಡಾನ್ ಫರೋ ಮಿಸೌರಿ ವಿಶ್ವವಿದ್ಯಾಲಯದಲ್ಲಿದ್ದಾಗ 'ಸ್ಪ್ಲಿಟ್-ಟಿ' ಎಂಬ ಹೊಸ ಆಟದ ವಿಧಾನ ರೂಪಿಸಿದ್ದರು. ಸಹಾಯಕರಾಗಿದ್ದ ಜಿಮ್ ಟೇಟಮ್ ಮತ್ತು ಬಡ್ ವಿಲ್ಕಿನ್ಸನ್ ಅದನ್ನು ಅಯೋವಾದಲ್ಲಿ ಅವರಿಂದ ಕಲಿತರು. ಯುದ್ಧ ಮುಗಿದ ಮೇಲೆ ವಿಲ್ಕಿನ್ಸನ್ ಅದೇ ವಿಧಾನದಿಂದ ಒಕ್ಲಹೋಮಾ ತಂಡವನ್ನು ಕಟ್ಟಿದರು. ಆ ತಂಡ 1953ರಿಂದ 1957ರವರೆಗೆ ಸತತ 47 ಪಂದ್ಯ ಗೆದ್ದಿತು. ತರಬೇತಿ ಕೇಂದ್ರದಲ್ಲಿ ಒಬ್ಬರ ಪಕ್ಕ ನಿಂತು ಇನ್ನೊಬ್ಬರು ಕಲಿತದ್ದು ಅಷ್ಟು ದೂರ ಹೋಯಿತು. ನಾವು ಈಗ ಇರುವುದೂ ಒಂದು ತರಬೇತಿ ಕೇಂದ್ರದಲ್ಲೇ.