ಬಿಗಿದುಕೊಂಡ ಪೆಡಲ್ ಮತ್ತು ಕ್ರ್ಯಾಂಕ್‌ಗಳನ್ನು ಬಿಚ್ಚುವ ಕ್ರಮ



ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಬೈಸಿಕಲ್ ನೀಡುವ ಯೋಜನೆಯು ನಮ್ಮ ರಾಜ್ಯದಲ್ಲಿ 2006-07ರಲ್ಲಿ ಆರಂಭವಾಯಿತು. ಆ ಬೈಸಿಕಲ್‌ಗಳಲ್ಲಿ ಹಲವು ಇಂದು ಮನೆಯ ಹಿತ್ತಿಲಿನಲ್ಲೋ ಶಾಲೆಯ ಷೆಡ್ಡಿನಲ್ಲೋ ತುಕ್ಕು ಹಿಡಿಯುತ್ತಿವೆ. ನಮ್ಮ ಪಂಚಾಯಿತಿ ವ್ಯಾಪ್ತಿಯ ಶಾಲೆಯೊಂದರಲ್ಲಿ ಹನ್ನೊಂದು ಬೈಸಿಕಲ್‌ಗಳನ್ನು ಗುಜರಿಗೆ ಹಾಕುವ ಮಾತು ಬಂದಾಗ ಸ್ಥಳಕ್ಕೆ ತೆರಳಿ ಪರಿಶೀಲಿಸಿದೆನು. ಏಳರಲ್ಲಿ ಚೌಕಟ್ಟು, ಚಕ್ರಗಳು ಸುಸ್ಥಿತಿಯಲ್ಲಿದ್ದವು. ಮುರಿದ ಪೆಡಲ್ ಅಥವಾ ಅಲುಗಾಡುವ ಕ್ರ್ಯಾಂಕ್, ಅಂದರೆ ಪೆಡಲನ್ನು ಹಿಡಿದಿರುವ ಉಕ್ಕಿನ ತೋಳು, ಇಷ್ಟೇ ದೋಷ. ಹೊಸ ಬಿಡಿಭಾಗ ಪೇಟೆಯಲ್ಲಿ ದೊರೆಯುತ್ತದೆ. ಹಳೆಯದು ಕಳಚಿ ಬಾರದಿರುವುದೇ ತೊಡಕು. ಅದೇ ಶಾಲೆಗೆ ನಾಲ್ಕು ಕಿಲೋಮೀಟರ್ ನಡೆದು ಬರುವ ಹೆಣ್ಣುಮಕ್ಕಳಿದ್ದರು.

ಮೊದಲು ಪೆಡಲ್. ಬಲಗಡೆಯ ಪೆಡಲ್ ಸಾಮಾನ್ಯ ತಿರುಪಿನದು. ಎಡಗಡೆಯದು ವಿರುದ್ಧ ತಿರುಪಿನದು. ತುಳಿಯುವಾಗ ಪೆಡಲ್ ತಾನಾಗಿ ಸಡಿಲಗೊಳ್ಳಬಾರದೆಂದು ಹೀಗೆ ಮಾಡಲಾಗಿದೆ. ಇಂಜಿನಿಯರಿಂಗ್ ಪದವಿ ಪಡೆದ ನಾನೇ ಒಮ್ಮೆ ಎಡ ಪೆಡಲನ್ನು ಅರ್ಧ ಗಂಟೆ ಬಿಚ್ಚುತ್ತಿರುವೆನೆಂದು ಭಾವಿಸಿ ಇನ್ನಷ್ಟು ಬಿಗಿಮಾಡಿದ್ದೆನು. ಪಕ್ಕದಲ್ಲಿದ್ದ ಪಂಕ್ಚರ್ ಅಂಗಡಿಯ ಹಿರಿಯರು ನಗುತ್ತಲೇ ತಿದ್ದಿದರು. ನೆನಪಿಡಬೇಕಾದುದು ಒಂದೇ: ಸ್ಪ್ಯಾನರ್‌ನ ಹಿಡಿ ಮೇಲ್ಮುಖವಾಗಿರುವಂತೆ ಸಿಕ್ಕಿಸಿ, ಎರಡೂ ಬದಿಯಲ್ಲಿ ಹಿಡಿಯನ್ನು ಹಿಂದಿನ ಚಕ್ರದ ಕಡೆಗೆ ಎಳೆದರೆ ಪೆಡಲ್ ಸಡಿಲವಾಗುತ್ತದೆ.

ಸಾಮಾನ್ಯವಾಗಿ 15 ಮಿಲಿಮೀಟರ್ ಸ್ಪ್ಯಾನರ್ ಹೊಂದುತ್ತದೆ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆಯನ್ನು ತಿರುಪಿನ ಎರಡೂ ತುದಿಗೆ, ಅಂದರೆ ಕ್ರ್ಯಾಂಕ್‌ನ ಒಳಬದಿಗೂ, ಬಿಡಬೇಕು. ಆಗಲೂ ಜಗ್ಗದಿದ್ದರೆ ಸ್ಪ್ಯಾನರ್‌ಗೆ ಎರಡು ಅಡಿ ಉದ್ದದ ಕಬ್ಬಿಣದ ಪೈಪ್ ತೊಡಿಸಿ, ಒಬ್ಬರು ಕ್ರ್ಯಾಂಕನ್ನು ಅಲುಗದಂತೆ ಹಿಡಿದು, ಇನ್ನೊಬ್ಬರು ನಿಧಾನವಾಗಿ ಒತ್ತಡ ಹೇರಬೇಕು. ಸ್ಪ್ಯಾನರ್ ಥಟ್ಟನೆ ಜಾರಿದರೆ ಹಲ್ಲುಚಕ್ರಕ್ಕೆ ಕೈ ಬಡಿದು ಗಾಯವಾಗುವುದುಂಟು. ಆದ್ದರಿಂದ ಚೈನನ್ನು ಹಲ್ಲುಚಕ್ರದ ಮೇಲೆಯೇ ಇರಿಸಿರಿ.

ಕ್ರ್ಯಾಂಕ್‌ನಲ್ಲಿ ಹೆಚ್ಚಿನ ಜಾಗ್ರತೆ ಬೇಕು. ನಮ್ಮ ಹಳ್ಳಿಗಳ ಕಪ್ಪು ಬೈಸಿಕಲ್‌ಗಳಲ್ಲಿ ಕ್ರ್ಯಾಂಕನ್ನು ನಡುದಂಡಕ್ಕೆ ಬಂಧಿಸುವುದು ಕಾಟರ್ ಪಿನ್ ಎಂಬ ಓರೆ ಬೆಣೆ. ಇದರ ನಟ್ಟನ್ನು ಪೂರ್ತಿ ತೆಗೆದು ಸುತ್ತಿಗೆಯಿಂದ ಹತ್ತಾರು ಸಣ್ಣ ಏಟು ಹಾಕುವುದೇ ಸಾಮಾನ್ಯ ತಪ್ಪು. ಇದರಿಂದ ಪಿನ್ನಿನ ತುದಿ ಅಣಬೆಯಂತೆ ಅರಳಿ ಮತ್ತೆಂದೂ ಹೊರಬರುವುದಿಲ್ಲ. ಏಟಿನ ಭಾರವೆಲ್ಲ ಬೇರಿಂಗ್ ಗುಂಡುಗಳ ಮೇಲೆ ಬೀಳುತ್ತದೆ. ಸರಿಯಾದ ಕ್ರಮವೆಂದರೆ, ನಟ್ಟನ್ನು ಪಿನ್ನಿನ ತುದಿಗೆ ಸಮನಾಗುವಷ್ಟು ಮಾತ್ರ ಸಡಿಲಿಸಬೇಕು. ಪಿನ್ನಿನ ದಪ್ಪ ತುದಿ ಕೆಳಗೆ ಬರುವಂತೆ ಕ್ರ್ಯಾಂಕನ್ನು ತಿರುಗಿಸಿ, ಅದರ ಅಡಿಗೆ ದಪ್ಪ ಪೈಪಿನ ತುಂಡನ್ನು ನೆಲಕ್ಕೆ ಗಟ್ಟಿಯಾಗಿ ಆನಿಸಬೇಕು. ಪಿನ್ ಆ ಪೈಪಿನೊಳಗೆ ಇಳಿಯುವಂತಿರಬೇಕು. ಅನಂತರ ಭಾರವಾದ ಸುತ್ತಿಗೆಯಿಂದ ನೇರವಾಗಿ ಒಂದೆರಡು ಬಲವಾದ ಏಟು ಸಾಕು. ಬಗ್ಗಿದ ಪಿನ್ನನ್ನು ಗರಗಸದಿಂದ ಕತ್ತರಿಸಿ, ಉಳಿದುದನ್ನು ಡ್ರಿಲ್ಲಿನಿಂದ ಕೊರೆದು ತೆಗೆಯಬೇಕಾಗುತ್ತದೆ. ಅದು ಮೆಕ್ಯಾನಿಕ್‌ರ ಕೆಲಸ.

ಪಿನ್ ಇಲ್ಲದ, ಚೌಕ ದಂಡದ ಹೊಸ ಮಾದರಿಗಳಿಗೆ ಕ್ರ್ಯಾಂಕ್ ಪುಲ್ಲರ್ ಎಂಬ ಉಪಕರಣ ಬೇಕು, ಸುತ್ತಿಗೆ ಕೂಡದು. ಬೋಲ್ಟಿನೊಂದಿಗೆ ಅದರ ವಾಷರ್ ಕೂಡ ಹೊರಬಂದಿದೆಯೇ ಎಂದು ನೋಡಿದ ಮೇಲೆಯೇ ಪುಲ್ಲರ್ ಹಾಕಿರಿ. ವಾಷರ್ ಒಳಗೇ ಉಳಿದರೆ ಕ್ರ್ಯಾಂಕ್‌ನ ತಿರುಪು ಕಿತ್ತುಹೋಗುತ್ತದೆ.

ಏಳು ಬೈಸಿಕಲ್‌ಗಳ ಪೈಕಿ ಐದು ಮರಳಿ ರಸ್ತೆಗಿಳಿದವು. ಉಳಿದೆರಡರಲ್ಲಿ ಪಿನ್‌ಗಳನ್ನು ಯಾರೋ ಮೊದಲೇ ಬಡಿದು ಕೆಡಿಸಿದ್ದರು. ಒಂದು ಸ್ಪ್ಯಾನರ್, ಒಂದು ಪುಲ್ಲರ್, ಒಂದು ತುಂಡು ಪೈಪ್ ಗ್ರಂಥಾಲಯದಲ್ಲಿಯೋ ಶಾಲೆಯಲ್ಲಿಯೋ ಇದ್ದರೆ ಇಡೀ ಗ್ರಾಮಕ್ಕೆ ಸಾಲುತ್ತದೆ. ಗುಜರಿಯ ಪ್ರಸ್ತಾವಕ್ಕೆ ಒಪ್ಪಿಗೆ ನೀಡುವ ಮುನ್ನ ಈ ವಿಷಯವನ್ನು ಸಾಮಾನ್ಯ ಸಭೆಯಲ್ಲಿ ಚರ್ಚಿಸಬಹುದು.

ಮರುಜೋಡಿಸುವಾಗ ಪೆಡಲಿನ ತಿರುಪಿಗೆ ಗ್ರೀಸ್ ಸವರಿರಿ. ಹೊಸ ಕಾಟರ್ ಪಿನ್ನನ್ನು ಒಂದು ವಾರದ ಸವಾರಿಯ ನಂತರ ಮತ್ತೊಮ್ಮೆ ಬಿಗಿಗೊಳಿಸುವಂತೆ ಮಕ್ಕಳಿಗೆ ತಿಳಿಸಿರಿ.