ಮಾನಕಗಳನ್ನು ಮೊದಲು ಕಲಿಯಿರಿ



ಹವ್ಯಾಸಕ್ಕಾಗಿ ಜಾಲತಾಣಗಳನ್ನು ಕಟ್ಟುತ್ತಿದ್ದ ನೀವು ಅದನ್ನೇ ಜೀವನೋಪಾಯವಾಗಿ ಮಾಡಿಕೊಳ್ಳಲು ಸಂಕಲ್ಪಿಸಿ, ಯಾವ ಫ್ರೇಮ್‌ವರ್ಕ್ ಕಲಿಯಲೆಂದು ಕೇಳಿರುವಿರಿ. ಫ್ರೇಮ್‌ವರ್ಕುಗಳು ಬರುವುವು, ಹೋಗುವುವು; ಟಿಮ್ ಬರ್ನರ್ಸ್-ಲೀ ಅವರು 1994ರಲ್ಲಿ ಸ್ಥಾಪಿಸಿದ ಡಬ್ಲ್ಯು3ಸಿಯಂತಹ ಸಂಸ್ಥೆಗಳು ರೂಪಿಸಿರುವ ಮಾನಕಗಳಾದರೋ ಎಲ್ಲ ಬ್ರೌಸರುಗಳಿಗೂ ಸಮಾನವಾದ ಆಧಾರವಾಗಿರುವುದರಿಂದ, ಎಚ್‌ಟಿಎಂಎಲ್, ಸಿಎಸ್‌ಎಸ್‌ಗಳ ಗಾಢ ಪರಿಚಯವೇ ನಿಮ್ಮ ಪ್ರಥಮ ಕರ್ತವ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ.

ಉದಾಹರಣೆಗೆ, ಪುಟದಲ್ಲಿನ ಒಂದು ಗುಂಡಿಯನ್ನೇ ತೆಗೆದುಕೊಳ್ಳಿ. ಬಟನ್ ಎಂಬ ಟ್ಯಾಗಿನಿಂದ ರಚಿಸಿದ್ದಾದರೆ ಅದು ಟ್ಯಾಬ್ ಕೀಲಿಗೆ ದೊರೆಯುವುದು, ಎಂಟರ್ ಒತ್ತಿದರೆ ಕೆಲಸ ಮಾಡುವುದು, ದೃಷ್ಟಿಹೀನರ ಸ್ಕ್ರೀನ್ ರೀಡರು ಅದನ್ನು ಗುಂಡಿಯೆಂದೇ ಉಚ್ಚರಿಸುವುದು. ಡಿವ್ ಎಂಬ ಬರಿಯ ಟ್ಯಾಗಿಗೆ ಬಣ್ಣ ಬಳಿದು ನಿಲ್ಲಿಸಿದ್ದಾದರೆ, ನೋಟಕ್ಕೆ ಅದೇ ಆದರೂ, ಇವೊಂದೂ ತಾನಾಗಿ ಒದಗವು.

ಮಾನಕವಿಲ್ಲದ ಕಷ್ಟವನ್ನು ಕನ್ನಡಿಗರು ಚೆನ್ನಾಗಿ ಬಲ್ಲರು. ಯೂನಿಕೋಡ್ ರೂಢಿಗೆ ಬರುವ ಮುನ್ನ, ಒಂದೊಂದು ತಾಣವೂ ತನ್ನದೇ ಫಾಂಟಿನ ಸಂಕೇತಕ್ರಮವನ್ನು ಅವಲಂಬಿಸಿದ್ದ ಕಾಲದಲ್ಲಿ, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಪುಟವು ಅರ್ಥಹೀನ ಅಕ್ಷರಗಳ ರಾಶಿಯಾಗಿ ತೋರುತ್ತಿದ್ದಿತು. ಆದುದರಿಂದ ನಿಮ್ಮ ಪುಟಗಳು ಯೂನಿಕೋಡಿನ ಸಂಕೇತಕ್ರಮವಾದ ಯುಟಿಎಫ್-8ರಲ್ಲಿಯೇ ಇರಲಿ.

ಮೊದಲ ಗಿರಾಕಿಗೆ ಪುಟವನ್ನೊಪ್ಪಿಸುವ ಮುನ್ನ, ಡಬ್ಲ್ಯು3ಸಿಯ ವ್ಯಾಲಿಡೇಟರಿನಲ್ಲಿ ಅದನ್ನು ಪರೀಕ್ಷಿಸಿ, ಮೌಸನ್ನು ಬದಿಗಿರಿಸಿ ಕೀಲಿಮಣೆಯೊಂದರಿಂದಲೇ ಆದ್ಯಂತವಾಗಿ ಬಳಸಿ ನೋಡಿರಿ.